ಮದುವೆಯಾದವರ ಕಡೆ

ಕೂತಲ್ಲಿಂದ ಏಳುವಾಗ ನನ್ನ ಬಾಯಿಂದ 'ಅಯ್ಯಪ್ಪಾ' ಅನ್ನುವ ಒಂದು ಸದ್ದು ಬರುತ್ತದಂತೆ. ಬರುತ್ತದಂತೆ ಅಂತ ಯಾಕೆ ಹೇಳುತ್ತೇನೆಂದರೆ, ಅದು ನನಗೆ ಕೇಳಿಸುವುದಿಲ್ಲ. ಕೇಳಿಸುವುದೆಲ್ಲ ನನ್ನ ಮಗಳಿಗೆ. ಮೊನ್ನೆ ಕೆ.ಆರ್. ನಗರದಲ್ಲಿ ನೆಂಟರ ಮನೆಯ ಮದುವೆ. ನೆಲದ ಮೇಲೆ ಚಾಪೆ ಹಾಸಿ ಪಂಕ್ತಿ ಹಾಕಿದ್ದರು. ಪಾಯಸ ಮುಗಿಸಿ, ಮೊಸರನ್ನ ಮುಗಿಸಿ, ಇನ್ನು ಏಳೋಣ ಎಂದು ಎಡಗೈಯನ್ನು ನೆಲಕ್ಕೆ ಊರಿದ್ದೇ ತಡ, ಪಕ್ಕದಲ್ಲಿದ್ದ ಮಗಳು, "ಅಪ್ಪಾ, ನೀವಿನ್ನೂ ಎದ್ದೇ ಇಲ್ಲ, ಆಗ್ಲೇ ಅಯ್ಯಪ್ಪ ಅಂದ್ಬಿಟ್ರಿ" ಎಂದಳು. ಎದುರು ಪಂಕ್ತಿಯವರೆಲ್ಲ ನಕ್ಕರು. ಸುಳ್ಳು ಎಂದು ವಾದಿಸೋಣವೆಂದರೆ ನಾನಿನ್ನೂ ಅರ್ಧ ಎದ್ದ ಸ್ಥಿತಿಯಲ್ಲಿದ್ದೆ.

ಅವತ್ತಿನಿಂದ ಬೇರೆಯವರು ಏಳುವುದನ್ನು ಗಮನಿಸುವ ಚಟ ಹತ್ತಿಕೊಂಡಿದೆ. ಹುಣಸೂರಿನಲ್ಲಿ ನಾನು ಗುಮಾಸ್ತನಾಗಿರುವ ಶಾಲೆಯ ಹೆಡ್‌ಮಾಸ್ಟರು ಏಳುವಾಗ 'ಶಿವಾ' ಎನ್ನುತ್ತಾರೆ. ಕನ್ನಡದ ಮೇಷ್ಟ್ರು 'ಉಶ್ಶಪ್ಪಾ' ಎನ್ನುತ್ತಾರೆ. ದೇವರು ದಿಂಡರು ಯಾವುದನ್ನೂ ನಂಬದ ಡ್ರಾಯಿಂಗ್ ಮೇಷ್ಟ್ರು ಬರೀ 'ಹೂಂ' ಎಂದು ಎದ್ದು, ನಾನು ನೋಡುತ್ತಿದ್ದೇನೆಂದು ಗೊತ್ತಾಗಿ, ಗಂಟಲು ಸರಿಮಾಡಿಕೊಂಡವರಂತೆ ನಟಿಸುತ್ತಾರೆ. ಸದ್ದಿಲ್ಲದೆ ಏಳುವ, ಐವತ್ತು ದಾಟಿದ ಗಂಡಸನ್ನು ಇಡೀ ಸ್ಟಾಫ್ ರೂಮಿನಲ್ಲಿ ನನಗೆ ಕಾಣಲಾಗಲಿಲ್ಲ.

ಡಾಕ್ಟರು ನಡೆಯಿರಿ ಎನ್ನುತ್ತಾರೆ. ಎಲ್ಲಿಗೆ ಎಂದರೆ, ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯಿರಿ ಎನ್ನುತ್ತಾರೆ. ಹಳ್ಳಿಯಲ್ಲಿ ಹುಟ್ಟಿದವನಿಗೆ ಇದು ಕಷ್ಟದ ಮಾತು ಕಣ್ರೀ. ನಮ್ಮೂರಲ್ಲಿ ಒಬ್ಬ ಕೈಬೀಸಿಕೊಂಡು ಬರಿದೇ ಹೋಗುತ್ತಿದ್ದರೆ, ಎದುರು ಸಿಕ್ಕವರು "ಯಾಕ್ಲಾ, ದನ ತಪ್ಪಿಸ್ಕತಾ?" ಎಂದು ಕೇಳುತ್ತಾರೆ. ದನ ತಪ್ಪಿಸಿಕೊಂಡಿಲ್ಲ, ಹೊಟ್ಟೆ ತಪ್ಪಿಸಿಕೊಂಡಿದೆ ಎಂದು ಹೇಳಲಾಗುತ್ತದೆಯೇ? ಆದರೂ ಹೋಗುತ್ತೇನೆ. ಬೆಳಿಗ್ಗೆ ಬೈಪಾಸಿನ ಕಡೆ ಹೊರಟು, ಮೊದಲ ಟೀ ಅಂಗಡಿ ಸಿಗುವವರೆಗೆ ನಡೆದು, ಅಲ್ಲಿ ಕೂತು, 'ಅಯ್ಯಪ್ಪಾ' ಎಂದು ಎದ್ದು ವಾಪಸ್ಸು ಬರುತ್ತೇನೆ.

ಹೀಗೆ ಬರುವಾಗ ನನಗೆ ನೆನಪಾಗುವುದು ನಮ್ಮ ಚಿಕ್ಕಯ್ಯ. ಅಪ್ಪನ ತಮ್ಮ. ಹೆಸರು ಜವರೇಗೌಡ, ಊರಿಗೆಲ್ಲ ಜವರಣ್ಣ. ಆ ಮನುಷ್ಯ ಏಳುವಾಗ ಸದ್ದೇ ಬರುತ್ತಿರಲಿಲ್ಲ. ಕೂತಿದ್ದ ಅಂತ ನೋಡಿದರೆ ನಿಂತಿರುತ್ತಿದ್ದ. ನಿಂತಿದ್ದ ಅಂತ ನೋಡಿದರೆ ಹುಣಸೆಮರದ ಮೇಲಿರುತ್ತಿದ್ದ.

ನಮ್ಮೂರು ಚುಂಚನಕಟ್ಟೆಯ ಹತ್ತಿರ. ಕಟ್ಟೆಯ ನಾಲೆ ಊರಿನ ಪಕ್ಕದಲ್ಲೇ ಹರಿಯುತ್ತದೆ, ಆಚೆಗೆ ಕಣ್ಣು ಹಾಯುವವರೆಗೂ ಭತ್ತದ ಗದ್ದೆ. ನಾಲೆಗೂ ಅದರ ಕಿರುಗಾಲುವೆಗಳಿಗೂ ಸೇತುವೆ ಇದೆ. ಊರಿನವರೆಲ್ಲ ಸೇತುವೆಯ ಮೇಲೆ ದಾಟುತ್ತಿದ್ದರು, ಚಿಕ್ಕಯ್ಯ ಕಿರುಗಾಲುವೆಗಳನ್ನೆಲ್ಲ ಹಾರಿಯೇ ದಾಟುತ್ತಿದ್ದ. ಹೆಗಲ ಮೇಲೆ ಗೊಬ್ಬರದ ಮೂಟೆ ಇದ್ದರೂ ಅಷ್ಟೇ. ಒಮ್ಮೆ ಮೂಟೆ ಸಮೇತ ನೀರಿಗೆ ಬಿದ್ದು, ಯೂರಿಯಾ ಎಲ್ಲ ಕರಗಿ ಯಾರದೋ ಗದ್ದೆಗೆ ಹೋಯಿತು. ಅಪ್ಪ ಕೂಗಾಡಿದರೆ, "ಓಗ್ಲಿ ಬುಡಣ್ಣ, ಅವ್ರ ಪೈರೂ ಒಸಿ ಬೆಳೀಲಿ" ಎಂದ.

ಅವನಿಗೆ ಮದುವೆಯಾಗಿರಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಮೊದಲು ಅಕ್ಕತಂಗಿಯರ ಮದುವೆ, ಆಮೇಲೆ ಅಜ್ಜಿಯ ಕಾಯಿಲೆ, ಆಮೇಲೆ ನಮ್ಮ ಓದು ಎಂದು ಮುಂದಕ್ಕೆ ಹೋಗುತ್ತಾ ಹೋಯಿತು. ಹೆಣ್ಣು ನೋಡಲು ಹೋಗಿರಲಿಲ್ಲವೆಂದಲ್ಲ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವವರ ಮನೆಗೆ ಒಮ್ಮೆ ಹೋಗಿದ್ದರು, ನಾನಾಗ ಚಿಕ್ಕವನು, ಜೊತೆಗಿದ್ದೆ. ದೊಡ್ಡವರೆಲ್ಲ ಒಳಗೆ ಕೂತು ಮಾತಾಡುತ್ತಿದ್ದಾಗ ಚಿಕ್ಕಯ್ಯ ಕೈ ತೊಳೆದುಕೊಂಡು ಬರುತ್ತೇನೆಂದು ಹೊರಗೆ ಹೋದವನು ಬರಲೇ ಇಲ್ಲ. ಬೀದಿಯಲ್ಲಿ ಹುಡುಗರು ಬುಗುರಿ ಆಡುತ್ತಿದ್ದರು. ಸೋತವನ ಬುಗುರಿಯನ್ನು ನೆಲದಲ್ಲಿಟ್ಟು ಗೆದ್ದವನು ತನ್ನ ಬುಗುರಿಯ ಮೊಳೆಯಿಂದ ಗುನ್ನ ಹೊಡೆಯಬೇಕು, ಅದು ಸೀಳಬೇಕು. ಆ ಹುಡುಗರಿಗೆ ಸರಿಯಾಗಿ ಹೊಡೆಯಲು ಬರುತ್ತಿರಲಿಲ್ಲವಂತೆ. ಹೆಣ್ಣಿನ ಅಪ್ಪ ಹುಡುಕಿಕೊಂಡು ಬಂದಾಗ, ಗಂಡು ಇಸ್ತ್ರಿ ಮಾಡಿದ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಚಾಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಧೂಳಿನಲ್ಲಿ ಕುಕ್ಕರುಗಾಲಲ್ಲಿ ಕೂತಿತ್ತು. "ನಿಮ್ ತಮ್ಮಂಗೆ ಇನ್ನೂ ವಯಸ್ಸಾಗಿಲ್ಲ ಅನ್ಸುತ್ತೆ, ದೊಡ್ಡೋನಾದ್ಮೇಲೆ ಕರ್ಕಂಡ್ ಬನ್ನಿ" ಎಂದು ಆತ ಅಪ್ಪನಿಗೆ ಹೇಳಿ ಕಳಿಸಿದ. ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ತಿರುಗಿ ಕೂತ. ಚಿಕ್ಕಯ್ಯ ಮಾತ್ರ ದಾರಿಯುದ್ದಕ್ಕೂ ನನಗೆ ಗುನ್ನ ಹೊಡೆಯುವುದನ್ನು ಹೇಳಿಕೊಟ್ಟ.

ಇಷ್ಟು ಹೇಳಿದ ಮೇಲೆ ನಮ್ಮೂರ ಕಬಡ್ಡಿಯ ವಿಷಯ ಹೇಳಬೇಕು. ಯುಗಾದಿಯ ಮಾರನೆಯ ದಿನ ವರ್ಷತೊಡಕು. ಬೆಳಿಗ್ಗೆ ಊರವರೆಲ್ಲ ಸೇರಿ ಮರಿ ಕಡಿದು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ; ಸಂಜೆ ಕೊಯ್ಲು ಮುಗಿದ ಗದ್ದೆಯಲ್ಲಿ ಕಬಡ್ಡಿ. ಒಂದು ಕಡೆ ಮದುವೆಯಾದವರು, ಇನ್ನೊಂದು ಕಡೆ ಮದುವೆಯಾಗದವರು. ಸೋತವರು ರಾತ್ರಿ ಗೆದ್ದವರಿಗೆ ಬಾಡೂಟ ಬಡಿಸಿ ಎಂಜಲೆಲೆ ಎತ್ತಬೇಕು. ಹಳೆಯ ಪದ್ಧತಿ, ಯಾರು ಮಾಡಿದರೋ ಗೊತ್ತಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಮದುವೆಯಾದವರು ಗೆದ್ದದ್ದನ್ನು ನಾನು ನೋಡಿಲ್ಲ. ಎಲೆ ಎತ್ತಿ ಎತ್ತಿ ಅವರಿಗೆ ಅದೇ ಅಭ್ಯಾಸವಾಗಿತ್ತು. ವರ್ಷಕ್ಕೊಂದು ದಿನವಾದರೂ ಎತ್ತಲಿ ಎಂದು ಹೆಂಗಸರು ಬದುವಿನ ಮೇಲೆ ಕೂತು ಹುಡುಗರ ಕಡೆಗೇ ಚಪ್ಪಾಳೆ ತಟ್ಟುತ್ತಿದ್ದರು.

ಚಿಕ್ಕಯ್ಯ ಮದುವೆಯಾಗದವರ ಕಡೆ. ಇಪ್ಪತ್ತರಲ್ಲೂ ಆ ಕಡೆ, ಮೂವತ್ತರಲ್ಲೂ ಆ ಕಡೆ, ನಲವತ್ತು ದಾಟಿದ ಮೇಲೂ ಆ ಕಡೆ. ಅವನ ಜೊತೆ ಆಡಿದವರೆಲ್ಲ ಒಬ್ಬೊಬ್ಬರೇ ತಾಳಿ ಕಟ್ಟಿ ಗೆರೆಯ ಆಚೆ ಹೋದರು. ಅವರ ಮಕ್ಕಳು ಬೆಳೆದು ಈಚೆ ಬಂದರು. ನಾನೂ ಬಂದೆ, ಕೆಲವು ವರ್ಷ ಅವನ ಪಕ್ಕದಲ್ಲಿ ನಿಂತು ಆಡಿದೆ, ಹುಣಸೂರಿನಲ್ಲಿ ಕೆಲಸ ಸಿಕ್ಕಿತು, ಅಲ್ಲಿನ ಭಾಗ್ಯಳನ್ನು ಮದುವೆಯಾದೆ, ಮುಗಿಯಿತು. ಮದುವೆಯಾದವರ ಕಡೆಗಾದರೂ ಆಡಿದೆನೇ ಎಂದರೆ ಅದೂ ಇಲ್ಲ. ಓದಿದವನು, ಹೊಟ್ಟೆಯೂ ಬಂದಿದೆ ಎಂದು ಅಂಪೈರ್ ಮಾಡಿ ಕೈಗೆ ಸೀಟಿ ಕೊಟ್ಟರು. ಮೂವತ್ತಕ್ಕೂ ಮುಂಚೆ ಆಟ ಬಿಟ್ಟವನು ನಾನು, ಐವತ್ತಾದರೂ ಆಡುವ ಚಿಕ್ಕಯ್ಯನ ಔಟು ನಾಟೌಟುಗಳನ್ನು ತೀರ್ಮಾನಿಸುವುದು!

ತೊಂಬತ್ತರ ದಶಕದ ಒಂದು ವರ್ಷ ಹುಡುಗರ ಕ್ಯಾಪ್ಟನ್ ಆದವನು ಕುಮಾರ. ಒಳ್ಳೆಯ ಹುಡುಗ, ಒಳ್ಳೆಯ ಆಟಗಾರ. ಹುಣಸೂರು, ಎಚ್.ಡಿ. ಕೋಟೆ ಎಂದು ಟೂರ್ನಮೆಂಟುಗಳಿಗೆ ಹೋಗಿ ಬರುತ್ತಿದ್ದ. ಎಲ್ಲರಿಗೂ ನಂಬರ್ ಇದ್ದ ಬನಿಯನ್ ಹೊಲಿಸಿದ್ದ. ಚಿಕ್ಕಯ್ಯ ಎಂದಿನಂತೆ ಪಂಚೆ ಬಿಚ್ಚಿ, ಪಟ್ಟೆ ಚಡ್ಡಿಯಲ್ಲಿ ಬಂದು ನಿಂತಾಗ ಕುಮಾರ ತಲೆ ಕೆರೆದುಕೊಂಡ.

"ಜವರಣ್ಣ, ಬೇಜಾರು ಮಾಡ್ಕಬ್ಯಾಡ. ಈ ಸಲ ನಮ್ ಟೀಮೇ ಆಡ್ತದೆ."

"ಅಂದ್ರೆ? ನಾನು ಯಾವ್ ಟೀಮ್ಲಾ?"

"ನಿಂಗೆ ವಯಸ್ಸಾಯ್ತು ಕಣಣ್ಣ. ನೀನು ಬಿದ್ರೆ ನಮ್ಮಟ್ಟೀಲಿ ನಮ್ಮನ್ನ ಬಯ್ತಾರೆ."

"ನಂಗೆ ಮದ್ವೆ ಆಗಿಲ್ವಲ್ಲೋ! ನಾನೆಲ್ಲಿಗೋಗ್ಲಿ?"

ಚಿಕ್ಕಯ್ಯ ಗೆರೆ ದಾಟಿ ಆಚೆಯ ಕಡೆಗೆ ಹೋದ. ಅಲ್ಲಿಯ ಮುಂದಾಳು ಬೋರಣ್ಣ, ಚಿಕ್ಕಯ್ಯನ ಓರಗೆಯವನೇ, ಮೊಮ್ಮಗು ಕಂಡವನು. "ಬಾ ಅನ್ನಾಕೆ ನಂಗೂ ಆಸೆ ಕಣ್ಲಾ ಜವರ. ಆದ್ರೆ ನಿಂಗೆ ಮದ್ವೆ ಎಲ್ಲಾಗದೆ? ನಾಳೆ ಹುಡುಗ್ರು ತಕರಾರು ತಗೀತಾರೆ" ಎಂದ. ಎಲ್ಲರೂ ನನ್ನ ಕಡೆ ನೋಡಿದರು. ಅಂಪೈರ್ ಅಲ್ಲವೇ ನಾನು. ಪದ್ಧತಿ ಹೇಗಿದೆಯೋ ಹಾಗೆ ಎಂದೆ. ಬೇರೇನು ಹೇಳುವುದು? ಚಿಕ್ಕಯ್ಯ ಎರಡೂ ಕಡೆಯ ನಡುವಿನ ಗೆರೆಯ ಮೇಲೆ ಒಂದು ಕ್ಷಣ ನಿಂತಿದ್ದು, ಪಂಚೆ ಸುತ್ತಿಕೊಂಡು ಬದುವಿಗೆ ಹೋಗಿ ಹೆಂಗಸರ ಪಕ್ಕ ಕೂತ. ಅವನು ಆಟ ನೋಡಿದ್ದು ಅದೇ ಮೊದಲು.

ಆ ವರ್ಷ ಊರಿಗೆ ಹೋದಾಗಲೆಲ್ಲ ಅವನು ಜಗಲಿಯ ಮೇಲೆ ಸಿಗುತ್ತಿದ್ದ. ಮೊದಲು ಮಧ್ಯಾಹ್ನ ಮಲಗತೊಡಗಿದ. ಆಮೇಲೆ ಕಂಬಕ್ಕೆ ಒರಗಿ ಕೂರತೊಡಗಿದ. ಕಡ್ಡಿಪುಡಿ ಅಗಿಯುವುದನ್ನು ಕಲಿತ. ಗದ್ದೆಗೆ ಹೋಗುವಾಗ ಸೇತುವೆಯ ಮೇಲೆ ಸುತ್ತಿ ಹೋಗುತ್ತಾನೆ ಎಂದು ಅವ್ವ ಹೇಳಿದಾಗ ನನಗೆ ನಂಬಲಾಗಲಿಲ್ಲ. ಒಂದು ದಿನ, "ಏನ್ ಚಿಕ್ಕಯ್ಯ, ಹುಷಾರಿಲ್ವಾ?" ಎಂದು ಕೇಳಿದೆ. "ಮಂಡಿ ಇಡ್ಕತದೆ ಕಣೋ ಮಂಜ. ವಯಸ್ಸಾಯ್ತಲ್ಲ" ಎಂದ. ಹೋದ ವರ್ಷ ಇಲ್ಲದ ವಯಸ್ಸು ಈ ವರ್ಷ ಎಲ್ಲಿಂದ ಬಂತು? ನನಗೆ ಸಂಕಟವಾಯಿತು. ಅಪ್ಪನಿಗೆ ಮಾತ್ರ ಬಹಳ ಸಂತೋಷ. "ಈಗ ನೋಡು, ಮನ್ಸ ಅಂದ್ರೆ ಹಿಂಗಿರ್ಬೇಕು. ಗಂಭೀರವಾಗವ್ನೆ" ಎನ್ನುತ್ತಿದ್ದ. ಅಪ್ಪನಿಗೆ ತಮ್ಮನೆಂದರೆ ಪ್ರಾಣ, ಆದರೆ ಊರವರು ತಮ್ಮನನ್ನು ನೋಡಿ ನಗುತ್ತಾರೆಂಬುದು ಅವನನ್ನು ಜೀವಮಾನವೆಲ್ಲ ಕೊರೆದಿತ್ತು.

ಗಂಭೀರವಾಗಿದ್ದಾನೆ, ಇದೇ ಸಮಯ ಎಂದು ಅಪ್ಪ ಹೆಣ್ಣು ಹುಡುಕಿದ. ಕಾಡಂಚಿನ ಅಂತರಸಂತೆಯಲ್ಲಿ ನಮ್ಮ ದೂರದ ನೆಂಟರ ಕಡೆಯ ಹೆಂಗಸು, ನಿಂಗಮ್ಮ. ನಲವತ್ತು ದಾಟಿತ್ತು. ತಾಯಿಯನ್ನು ನೋಡಿಕೊಳ್ಳುತ್ತಾ ಮದುವೆಯಿಲ್ಲದೆ ಉಳಿದವಳು. ತಾಯಿ ತೀರಿಕೊಂಡು ವರ್ಷವಾಗಿತ್ತು. ಸಸಿ ಬೆಳೆಸುವ ನರ್ಸರಿಯಲ್ಲಿ ಕೂಲಿ ಮಾಡುತ್ತಿದ್ದಳು. ಚಿಕ್ಕಯ್ಯ ಒಪ್ಪುವುದಿಲ್ಲ, ಬೈಯುತ್ತಾನೆ ಎಂದು ಅಂಜಿಕೊಂಡೇ ಅಪ್ಪ ವಿಷಯ ತೆಗೆದ. ಚಿಕ್ಕಯ್ಯ ಕಂಬ ಬಿಟ್ಟು ನೆಟ್ಟಗೆ ಕೂತ.

"ಯಾವಾಗ?" ಎಂದ.

"ಯಾವಾಗ ಅಂದ್ರೆ... ನೋಡ್ಕಂಡು ಬರನ ಮೊದ್ಲು. ಆಮೇಲೆ ವೈಶಾಖದಲ್ಲೋ..."

"ವೈಸಾಕ ಬ್ಯಾಡ. ಉಗಾದಿಗೆ ಮುಂಚೆ ಆಗ್ಬೇಕು."

ಅಪ್ಪನ ಕಣ್ಣಲ್ಲಿ ನೀರು ಬಂತು. ಕೊನೆಗೂ ತಮ್ಮನಿಗೆ ಸಂಸಾರದ ಮೇಲೆ ಆಸೆ ಹುಟ್ಟಿತು ಎಂದು ಅವ್ವನಿಗೆ ಹೇಳಿ, ಅವಳ ಕಣ್ಣಲ್ಲೂ ನೀರು ಬರಿಸಿದ. ನನಗೆ ಸ್ವಲ್ಪ ಅನುಮಾನ ಬಂತು.

ಹೆಣ್ಣು ನೋಡಲು ನಾವು ಮೂವರೇ ಹೋದೆವು. ಕೋಟೆಯಲ್ಲಿ ಬಸ್ಸು ಬದಲಿಸಿ, ಹ್ಯಾಂಡ್‌ಪೋಸ್ಟ್ ದಾಟಿ ಅಂತರಸಂತೆಗೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಈ ಸಲ ಅಪ್ಪ ಎಚ್ಚರಿಕೆಯಿಂದ ತಮ್ಮನನ್ನು ಗೋಡೆಯ ಕಡೆಗೆ ಕೂರಿಸಿ, ಬಾಗಿಲಿಗೆ ಅಡ್ಡವಾಗಿ ತಾನು ಕೂತ. ನಿಂಗಮ್ಮ ಉಪ್ಪಿಟ್ಟು ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತಳು. ಸಣಕಲು ಹೆಂಗಸು, ಬಿಸಿಲಿಗೆ ಕಪ್ಪಾದ ಮುಖ, ನೆಟ್ಟಗಿನ ನಿಲುವು. ನಾಚಿಕೆ ಗೀಚಿಕೆ ಏನೂ ಇರಲಿಲ್ಲ. ಅವಳ ಅಣ್ಣ, "ಏನಾದ್ರೂ ಕೇಳೋದಿದ್ರೆ ಕೇಳಿ" ಎಂದ. ಚಿಕ್ಕಯ್ಯ ಕಾಫಿ ಲೋಟ ಕೆಳಗಿಟ್ಟ.

"ಕೇಳೋದೇನಿಲ್ಲ. ಒಂದ್ ಮಾತು ಯೋಳ್ಬೇಕು. ಆಮೇಲೆ ಮೋಸ ಮಾಡ್ದ ಅನ್ಬಾರ್ದು" ಎಂದು ಶುರು ಮಾಡಿದ. "ನಮ್ಮೂರಲ್ಲಿ ವರ್ಸ್ತೊಡ್ಕಲ್ಲಿ ಕಬಡ್ಡಿ ಆಡ್ತರೆ. ಮದ್ವೆ ಆಗ್ದೋರ ಕಡೆಯಿಂದ ನನ್ನ ತಗುದ್ಬುಟ್ರು, ವಯಸ್ಸಾಯ್ತು ಅಂತ. ಮದ್ವೆ ಆದೋರ ಕಡೆ ಸೇರಿಸ್ಕಳಕ್ಕೆ ಮದ್ವೆ ಆಗಿಲ್ಲ ಅಂತರೆ. ಅದ್ಕೇ ನಾನು ಮದ್ವೆ ಆಯ್ತಿರೋದು."

ಅಪ್ಪನ ಕೈಯಲ್ಲಿದ್ದ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಅವಳ ಅಣ್ಣ ಬಾಯಿ ತೆರೆದವನು ಮುಚ್ಚಲಿಲ್ಲ. ಇಷ್ಟು ದೂರ ಬಂದು, ಬಸ್ಸು ಬದಲಿಸಿ, ಕಡೆಗೆ ಬುಗುರಿಯ ಕಥೆಯೇ ಆಯಿತಲ್ಲ ಎಂದು ನಾನು ನೆಲ ನೋಡಿದೆ. ಆಗ ಬಾಗಿಲ ಬಳಿಯಿಂದ ನಗು ಕೇಳಿಸಿತು. ನಿಂಗಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

"ಬಂದೋರೆಲ್ಲ ತಮ್ ಚಾಕರಿ ಮಾಡಕ್ಕೆ ಬೇಕು, ಗಂಜಿ ಕಾಯ್ಸಕ್ಕೆ ಬೇಕು ಅಂತ್ಲೇ ಕೇಳ್ದೋರು" ಎಂದಳು ಅಣ್ಣನ ಕಡೆ ತಿರುಗಿ. "ಇವ್ರು ಒಬ್ರೇ ಕಣಣ್ಣ, ಇದ್ದಿದ್ದು ಇದ್ದಂಗೆ ಹೇಳ್ತಾವ್ರೆ. ನಂಗೆ ಒಪ್ಗೆ."

ಯುಗಾದಿಗೆ ಮುಂಚೆ ಚುಂಚನಕಟ್ಟೆಯ ದೇವಸ್ಥಾನದಲ್ಲಿ ಮದುವೆಯಾಯಿತು. ಮಾರನೆಯ ದಿನದಿಂದಲೇ ಚಿಕ್ಕಯ್ಯ ಕಡ್ಡಿಪುಡಿ ಬಿಟ್ಟ. ಬೆಳಿಗ್ಗೆ ನಾಲೆಗಿಳಿದು ಮುಳುಗಿ ಉಸಿರು ಕಟ್ಟುವುದು, ಸಂಜೆ ಗದ್ದೆಯ ಬದುವಿನ ಮೇಲೆ ಓಡುವುದು. ನಿಂಗಮ್ಮ, ಈಗ ನಮಗೆ ಚಿಕ್ಕವ್ವ, ಟವೆಲ್ಲು ಹಿಡಿದು ಸೋಪಾನದ ಮೇಲೆ ಕೂತು, ಅವನು ಮುಳುಗಿದ ಕಡೆಗೇ ಕಣ್ಣಿಟ್ಟು ನೋಡುತ್ತಿದ್ದಳಂತೆ. ಬಟ್ಟೆ ಒಗೆಯಲು ಬಂದವರು ನಕ್ಕರೆ ಅವರ ಜೊತೆ ತಾನೂ ನಗುತ್ತಿದ್ದಳಂತೆ. ಮಂಡಿನೋವು ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಿಲ್ಲ.

ವರ್ಷತೊಡಕಿನ ದಿನ ನಾನು ಭಾಗ್ಯ ಮತ್ತು ಮಗುವಿನ ಜೊತೆ ಊರಲ್ಲಿದ್ದೆ. ಮಗಳಿಗಾಗ ವರ್ಷ ತುಂಬಿತ್ತು. ಸಂಜೆ ಗದ್ದೆಗೆ ನೀರು ಚಿಮುಕಿಸಿ, ಹೆಂಟೆ ಆರಿಸಿ, ಬೂದಿಯಲ್ಲಿ ಗೆರೆ ಎಳೆದಿದ್ದರು. ಬದುವಿನ ಮೇಲೆ ಹೆಂಗಸರ ಸಾಲು. ಚಿಕ್ಕಯ್ಯ ಎಲ್ಲರಿಗಿಂತ ಮೊದಲೇ ಪಟ್ಟೆ ಚಡ್ಡಿಯಲ್ಲಿ ಬಂದು ಮದುವೆಯಾದವರ ಕಡೆ ನಿಂತಿದ್ದ. ಮುಖ ಹೊಳೆಯುತ್ತಿತ್ತು.

ಬೋರಣ್ಣ ಬಂದವನು ಅವನನ್ನು ನೋಡಿ ನಿಂತ. "ಜವರ, ಬ್ಯಾಡ ಕಣ್ಲಾ" ಎಂದ.

"ಯಾಕೆ? ಮದ್ವೆ ಆಗಿಲ್ವಾ? ನೀನೇ ಬಂದು ಉಂಡು ಓಗಿಲ್ವಾ?"

"ಅದ್ಕೇ ಹೇಳ್ತಾ ಇರೋದು. ಹೊಸಾ ಮದ್ಲಿಂಗ. ಈ ವಯಸ್ನಲ್ಲಿ ಕಾಲುಗೀಲು ಮುರ್ಕಂಡ್ರೆ ಆಯಮ್ಮಂಗೆ ಯಾರು ಉತ್ರ ಹೇಳೋರು?"

ಬದುವಿನ ಆ ತುದಿಯಿಂದ ಅಪ್ಪ ಎದ್ದು ಬಂದ. "ಜವರ, ಸಾಕು ಮಾಡು. ಮದ್ವೆ ಮಾಡಿದ್ದು ಇದಕ್ಕಾ? ಊರೋರ ಮುಂದೆ ನನ್ ಮಾನ ಕಳೀಬ್ಯಾಡ" ಎಂದ. ಚಿಕ್ಕಯ್ಯ ಅಣ್ಣನ ಮಾತಿಗೆ ಎದುರಾಡಿದವನಲ್ಲ. ಎಲ್ಲವನ್ನೂ ನಗೆಯಾಡಿ ಜಾರಿಕೊಳ್ಳುತ್ತಿದ್ದನೇ ಹೊರತು ಎದುರು ಮಾತಾಡಿದ್ದನ್ನು ನಾನು ಕಂಡಿಲ್ಲ. ಅವತ್ತು ಜಾರಿಕೊಳ್ಳಲು ಜಾಗವಿರಲಿಲ್ಲ. ಅವನ ಮುಖದ ಹೊಳಪು ಇಳಿಯಿತು. ಕೈ ತಾನಾಗಿಯೇ ಹೆಗಲ ಮೇಲಿನ ಪಂಚೆಗೆ ಹೋಯಿತು. ಇನ್ನೊಂದು ವರ್ಷ ಜಗಲಿಯ ಕಂಬ, ಇನ್ನೊಂದು ವರ್ಷ ಮಧ್ಯಾಹ್ನದ ನಿದ್ದೆ. ಈ ಸಲ ಕೂತರೆ ಮತ್ತೆ ಏಳುವುದಿಲ್ಲ ಎಂದು ನನಗೆ ಅನ್ನಿಸಿತು.

"ಕೇಳೋದಾದ್ರೆ ಆಯಮ್ಮನ್ನೇ ಕೇಳ್ಬುಡಿ" ಎಂದು ಕುಮಾರ ಆ ಕಡೆಯಿಂದ ಕೂಗಿದ. ಹೋದ ವರ್ಷ ತಾನೇ ತೆಗೆದುಹಾಕಿದ ಬೇಜಾರು ಅವನಲ್ಲೂ ಇತ್ತೆಂದು ಕಾಣುತ್ತದೆ. ಎಲ್ಲರ ಮುಖವೂ ಬದುವಿನ ಕಡೆ ತಿರುಗಿತು.

ಚಿಕ್ಕವ್ವ ಕೂತಲ್ಲಿಂದಲೇ ಹೇಳಿದಳು: "ಆಡ್ಲಿ ಬುಡಿ ಬಾವ. ಮುರ್ದ್ರೆ ಕಟ್ಸನ. ಕೂರಿಸ್ಬುಟ್ರೆ ಏನ್ ಮಾಡಕ್ಕಾದದು?"

ಅಪ್ಪ ಹಿಂದಕ್ಕೆ ಹೋಗಿ ಕೂತ. ನಾನು ತಡಮಾಡದೆ ಸೀಟಿ ಊದಿದೆ.

ಚಿಕ್ಕಯ್ಯ ಆಡಿದ. ಕಥೆಯಲ್ಲಾದರೆ ಅವನೊಬ್ಬನೇ ಏಳು ಜನರನ್ನು ಔಟ್ ಮಾಡಬೇಕಿತ್ತು. ಹಾಗೇನೂ ಆಗಲಿಲ್ಲ. ಮೊದಲ ಸಲ ಹೋದಾಗಲೇ ಹುಡುಗರು ಹಿಡಿದು ಕೆಡವಿದರು; ಎದ್ದು ಮೈಮಣ್ಣು ಕೊಡವಿಕೊಂಡು ನಗುತ್ತಾ ಹೊರಗೆ ಬಂದ. ಮತ್ತೆ ಒಳಗೆ ಹೋದಾಗ ಕುಮಾರ ದಾಳಿಗೆ ಬಂದ. ಬಲಗಡೆಗೆ ಹೋದಂತೆ ಮಾಡಿ ಎಡಕ್ಕೆ ತಿರುಗುವುದು ಅವನ ಚಾಳಿ. ಆ ಚಾಳಿ ಅವನಪ್ಪನದು, ಅವನಪ್ಪನ ಜೊತೆ ಚಿಕ್ಕಯ್ಯ ಎಷ್ಟೋ ವರ್ಷ ಆಡಿದ್ದ. ಕುಮಾರ ಎಡಕ್ಕೆ ತಿರುಗುವ ಮುಂಚೆಯೇ ಚಿಕ್ಕಯ್ಯ ಅಲ್ಲಿ ನೆಲಕ್ಕೆ ಬಿದ್ದು ಅವನ ಕಣಕಾಲನ್ನು ತಬ್ಬಿಕೊಂಡಿದ್ದ. "ಬುಡಣ್ಣೋ, ಔಟಾದೆ ಬುಡು!" ಎಂದು ಕುಮಾರ ಕೂಗಿದರೂ ಬಿಡಲಿಲ್ಲ. ಬದುವಿನ ಮೇಲೆ ಎದ್ದ ಗಲಾಟೆಯಲ್ಲಿ ನನ್ನ ಸೀಟಿ ನನಗೇ ಕೇಳಿಸಲಿಲ್ಲ. ಅಪ್ಪನೂ ಎದ್ದು ನಿಂತಿದ್ದ.

ಮದುವೆಯಾದವರ ಕಡೆಯ ಒಬ್ಬ ಆ ಹೊತ್ತಿಗೆ ಕಾಲಿನ ಮೀನಖಂಡ ಹಿಡಿದುಕೊಂಡು ಕುಂಟುತ್ತಾ ಹೊರಗೆ ಹೋದ. ಬೋರಣ್ಣ ಸುತ್ತ ನೋಡಿ, "ಯಾರಾದ್ರೂ ಒಬ್ರು ಬನ್ರಯ್ಯ, ಮದ್ವೆ ಆದೋರು!" ಎಂದು ಕೂಗಿದ. ಗಂಡಸರೆಲ್ಲ ಆಕಾಶ ನೋಡಿದರು. ನನ್ನ ಕಡೆ ನೋಡಿದಾಗ ನಾನು ಸೀಟಿಯನ್ನು ಎತ್ತಿ ತೋರಿಸಿದೆ.

"ನಾನಾಯ್ತದಾ?"

ಚಿಕ್ಕವ್ವ ಎದ್ದು ನಿಂತಿದ್ದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನಾಟಿ ಮಾಡುವವರು ಕಟ್ಟುವ ಹಾಗೆ ಸೀರೆಯನ್ನು ಎತ್ತಿ ಕಚ್ಚೆ ಸಿಕ್ಕಿಸಿ, ಸೆರಗು ಬಿಗಿದು, ಬದುವಿನಿಂದ ಇಳಿದು ಬಂದಳು. "ಮದ್ವೆ ಆದೋರು ಅಂದ್ರಲ್ಲ. ನಾನು ಇನ್ನೇನು?" ಎಂದು ಬೋರಣ್ಣನನ್ನು ಕೇಳಿದಳು. ಬೋರಣ್ಣ ಚಿಕ್ಕಯ್ಯನನ್ನು ನೋಡಿದ. ಚಿಕ್ಕಯ್ಯ, "ನನ್ನೇನ್ ನೋಡ್ತೀಯ್ಲಾ, ಜಾಗ ಬುಡು" ಎಂದ.

ಅವಳು ಗೆರೆ ಮುಟ್ಟಿ ನಮಸ್ಕಾರ ಮಾಡಿ, 'ಕಬಡ್ಡಿ ಕಬಡ್ಡಿ' ಎನ್ನುತ್ತಾ ಹುಡುಗರ ಕಡೆಗೆ ಹೋದಳು. ಪಾಪ, ಆ ಹುಡುಗರ ಫಜೀತಿ ನೋಡಬೇಕಿತ್ತು! ಕೋಟೆಯ ಟೂರ್ನಮೆಂಟಿನಲ್ಲಿ ಗಂಡೆದೆಯಿಂದ ಆಡಿದವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದಕ್ಕೆ ಹಿಂದಕ್ಕೆ ಸರಿದರು. "ಚಿಕ್ಕವ್ವ, ನಿಮ್ಮನ್ನ ನಾವು ಎಂಗ್ ಇಡ್ಕಳದು?" ಎಂದು ಒಬ್ಬ ಅಳುವ ದನಿಯಲ್ಲಿ ಕೇಳಿದ. ಉಸಿರು ಬಿಟ್ಟರೆ ಔಟಾಗುತ್ತಾಳಲ್ಲ, ಅವಳು ಉತ್ತರ ಕೊಡಲಿಲ್ಲ. ಅವನ ಭುಜ ಮುಟ್ಟಿದಳು. ಪಕ್ಕದವನನ್ನು ಮುಟ್ಟಿದಳು. ಮೂಲೆಯಲ್ಲಿದ್ದವನು ಓಡಿದ, ಅವನನ್ನು ಅಟ್ಟಿಸಿಕೊಂಡು ಹೋಗಿ ಬೆನ್ನಿಗೆ ಒಂದು ಏಟು ಕೊಟ್ಟು, ತಿರುಗಿ ಓಡಿ ಬಂದು ಗೆರೆ ದಾಟಿದಳು. ತಲೆಗೂದಲು ಬಿಚ್ಚಿಹೋಗಿತ್ತು. ಓಡುವಾಗ ಅವಳ ವಯಸ್ಸು ಎಷ್ಟೆಂದು ಹೇಳಲಾಗುತ್ತಿರಲಿಲ್ಲ.

"ಲೇ ಮಂಜ, ಇದು ಲೆಕ್ಕುಕ್ಕಿಲ್ಲ ಅನ್ಲಾ" ಎಂದು ಯಾರೋ ಕೂಗಿದರು. ಇಬ್ಬರು ಹಿರಿಯರು ಎದ್ದು ಬಂದು ಹೆಂಗಸರು ಆಡುವುದು ಎಲ್ಲಿದೆ ಎಂದರು. ಆಡಬಾರದು ಎಂದು ಎಲ್ಲಿದೆ ಎಂದೆ. ನನಗೆ ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಮದುವೆಯಾದವರು, ಆಗದವರು, ಪದ್ಧತಿ ಅಷ್ಟೇ ತಾನೆ? ಮೂವರೂ ಔಟು ಎಂದು ಕೈ ಎತ್ತಿದೆ. ಮೂವರೂ ಬದುಕಿದೆಯಾ ಬಡಜೀವವೇ ಎಂದು ಹೊರಗೆ ಓಡಿದರು.

ಚಿಕ್ಕವ್ವ ಗೆರೆಯ ಪಕ್ಕ ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ಬಗ್ಗಿ ಏದುಸಿರು ಬಿಡುತ್ತಿದ್ದಳು. ಚಿಕ್ಕಯ್ಯ ಹತ್ತಿರ ಹೋಗಿ, "ಏನಾಯ್ತಮ್ಮಿ? ಎದೆ ಇಡ್ಕತಾ?" ಎಂದು ಗಾಬರಿಯಿಂದ ಕೇಳಿದ. ಅವಳು ತಲೆಯೆತ್ತಿದಾಗ ಕೆನ್ನೆಯೆಲ್ಲ ಒದ್ದೆಯಾಗಿತ್ತು. ನಗುತ್ತಲೂ ಇದ್ದಳು.

"ಏನಿಲ್ಲ ಕಣಿ. ಮೈ ನೆರೆದಾಗ ಅವ್ವ ಒಳಕ್ಕೆ ಕರ್ದಿದ್ಲು, 'ಇನ್ಮೇಲೆ ಓಡ್ಬಾರ್ದು' ಅಂತ. ಆವತ್ತಿಂದ ಓಡಿರ್ನಿಲ್ಲ" ಎಂದಳು.

ಮೆಲ್ಲಗೇ ಹೇಳಿದಳು, ಆದರೆ ಬದು ಹತ್ತಿರವೇ ಇತ್ತು. ಹೆಂಗಸರ ಸಾಲಿನಲ್ಲಿ ನಗು ನಿಂತಿತು. ಎಲ್ಲರೂ ಕಾಲು ಮಡಿಸಿಕೊಂಡು, ಸೆರಗು ಹೊದ್ದು, ಪ್ರತಿ ವರ್ಷ ಕೂರುವ ಹಾಗೆಯೇ ಕೂತಿದ್ದರು. ಚಿಕ್ಕಯ್ಯನನ್ನು ಆಟದಿಂದ ತೆಗೆದದ್ದು ಐವತ್ತು ದಾಟಿದ ಮೇಲೆ. ಅದಕ್ಕೇ ನಾವೆಲ್ಲ ಅಷ್ಟು ಮರುಗಿದ್ದೆವು. ಈ ಸಾಲಿನಲ್ಲಿ ಕೂತವರನ್ನು 'ಸಾಕು ಕೂತ್ಕೊ' ಎಂದು ಕೂರಿಸಿದಾಗ ಎಷ್ಟು ವಯಸ್ಸಾಗಿತ್ತೋ, ನಾನು ಯಾರನ್ನೂ ಕೇಳಿರಲಿಲ್ಲ.

ಆಗ ಭಾಗ್ಯ ಎದ್ದಳು. ಬದುವಿನಿಂದ ಇಳಿದು ಗದ್ದೆಯೊಳಕ್ಕೆ ನಡೆದು ಬಂದು, ಮಗುವನ್ನು ನನ್ನ ತೋಳಿಗೆ ಕೊಟ್ಟಳು.

"ಎಲ್ಲಿಗೆ?" ಎಂದೆ.

"ಹಿಡ್ಕೊಳ್ರೀ. ಬೋರಣ್ಣೋರ ಕಡೆ ಇನ್ನೂ ಜಾಗ ಇದೆಯೇನೋ ಕೇಳ್ತೀನಿ" ಎಂದು ಚಪ್ಪಲಿಯನ್ನು ನನ್ನ ಕಾಲ ಬಳಿ ಬಿಟ್ಟಳು. ಸೆರಗು ಸಿಕ್ಕಿಸಿಕೊಂಡು, ಹುಡುಗರ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು. ಮಗು ಅಮ್ಮನನ್ನು ನೋಡಿ ಕೈ ಚಾಚಿತು. ನಾನು ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಸೀಟಿಯನ್ನೂ ಹಿಡಿದು ಊದಿದೆ. ಮದುವೆಯಾಗಿ ಮೂರು ವರ್ಷವಾಗಿತ್ತು. ನನ್ನ ಹೆಂಡತಿ ಓಡುವುದನ್ನು ನಾನು ಮೊದಲ ಸಲ ನೋಡಿದೆ.